ದೇವರ ಚಿತ್ರಗಳಿಗೆ ಬಿಟ್ಟ ಜಾಗ

ಅಕ್ಷರ ತಿದ್ದಿಸಿದ ಗುರುಗಳಿಗೆ ಮೊದಲ ನಮಸ್ಕಾರ. ಕೇಳುವ ಕಿವಿಯನ್ನೂ ಕೇಳಿಸಿಕೊಳ್ಳುವ ತಾಳ್ಮೆಯನ್ನೂ ಕೊಟ್ಟ ತಾಯಿಗೆ ಎರಡನೆಯದು. ಬೀದರಿನಿಂದ ಔರಾದಿಗೂ ಔರಾದಿನಿಂದ ಎಕಂಬಾಕ್ಕೂ ನನ್ನನ್ನು ಕೂರಿಸಿಕೊಂಡು ಹೋಗಿ ಬಂದ ಬಸ್ಸುಗಳಿಗೆ, ಕುರಿದೊಡ್ಡಿಯ ಮುಂದೆ ನನಗೆಂದು ಕಂಬಳಿ ಹಾಸಿದ ಕೈಗಳಿಗೆ, ಕೇಳುವ ಮೊದಲೇ ಮಜ್ಜಿಗೆಯ ತಂಬಿಗೆಯನ್ನು ಮುಂದಿಟ್ಟ ಮನೆಗೆ ನಾನು ಕೃತಜ್ಞ. ಈಗ ಬರೆಯುತ್ತಿರುವುದು ನನ್ನ ತಪ್ಪಿನ ವೃತ್ತಾಂತ. ತಪ್ಪನ್ನು ಒಪ್ಪಿಕೊಳ್ಳುವ ಮುನ್ನ ಉಪಕಾರವನ್ನು ಸ್ಮರಿಸಬೇಕೆಂಬುದು ನಾನು ಕಲಿತ ಕ್ರಮ, ಅದನ್ನು ಮೀರುವುದಿಲ್ಲ.

ಎಕಂಬಾದಲ್ಲಿ ಕುರಿ ಕಾಯುವ ಹಿರಿಯರೊಬ್ಬರಿದ್ದಾರೆ. ತಮ್ಮ ಕುಲದೈವವಾದ ಬೀರಪ್ಪನ ಕಥೆಯನ್ನು ಒಂಬತ್ತು ದಿನ, ದಿನಕ್ಕೊಂದು ಭಾಗದಂತೆ ಹಾಡುವ ಪರಂಪರೆ ಅವರ ಮನೆತನದ್ದು. ಒಂದೊಂದು ಭಾಗವನ್ನೂ ಅವರು ಬೈಠಕ್ ಎನ್ನುತ್ತಾರೆ. ಆ ಹಾಡನ್ನು ಯಾರೂ ಎಲ್ಲಿಯೂ ಬರೆದಿಟ್ಟಿಲ್ಲ. ಹಿಮ್ಮೇಳಕ್ಕೆ ನಿಲ್ಲುತ್ತಿದ್ದ ಇಬ್ಬರೂ ತೀರಿಕೊಂಡ ಮೇಲೆ ಅದು ಅವರೊಬ್ಬರ ಗಂಟಲಿನಲ್ಲಿ ಮಾತ್ರ ಉಳಿದಿತ್ತು. ಆ ಗಂಟಲಿನಲ್ಲಿಯೇ ಗಡ್ಡೆ ಕಾಣಿಸಿಕೊಂಡಿತು. ಧ್ವನಿಪೆಟ್ಟಿಗೆಯನ್ನು ಪೂರ್ತಿಯಾಗಿ ತೆಗೆಯದ ಹೊರತು ಜೀವ ಉಳಿಯದೆಂದು ಬೀದರಿನ ವೈದ್ಯರು ಹೇಳಿದರು. ಹನ್ನೆರಡನೆಯ ದಿನಕ್ಕೆ ಆಸ್ಪತ್ರೆಗೆ ಬರುವಂತೆ ಚೀಟಿ ಬರೆದುಕೊಟ್ಟರು. ಅಲ್ಲಿಯವರೆಗೆ ದಿನಕ್ಕೆ ಅರ್ಧ ಗಂಟೆಯಷ್ಟು ಹಾಡಬಹುದು, ಹೇಗೂ ಹೋಗುವ ಧ್ವನಿ ಎಂದರಂತೆ.

ಭಾಲ್ಕಿಯಲ್ಲಿ ಇಂಥ ಹಾಡುಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸುವ ಸಣ್ಣ ಸಮಿತಿಯೊಂದಿದೆ. ಹಳೆಯ ಮಾತನ್ನು ಕೇಳಿ ತಪ್ಪಿಲ್ಲದೆ ಬರೆಯಬಲ್ಲೆನೆಂಬ ನಂಬಿಕೆಯಿಂದ ಅವರು ಈ ಕೆಲಸವನ್ನು ನನಗೆ ಒಪ್ಪಿಸಿದರು. ಹನ್ನೆರಡು ದಿನ, ಒಂಬತ್ತು ಬೈಠಕ್. ಹಿಂದೆಲ್ಲ ನಾನು ಹಾಡುವವರ ಎದುರು ಕುಳಿತು ಕೈಯಿಂದಲೇ ಬರೆದುಕೊಳ್ಳುತ್ತಿದ್ದೆ. ಈ ಸಲ ಸಮಯ ಕಡಿಮೆ, ಹಾಡುವವರನ್ನು ನಿಲ್ಲಿಸಿ ಕೇಳುವಂತಿಲ್ಲ. ವಿಡಿಯೋ ಹಿಡಿದು ಆಮೇಲೆ ಬರೆದರಾಯಿತೆಂದು ತೀರ್ಮಾನಿಸಿದೆ. ಫೋನು ನನ್ನದೇ, ಅಗ್ಗದ್ದು, ಮೂವತ್ತೆರಡು ಜಿಬಿಯದು.

ಮೊದಲ ದಿನ ಬೆಳಗಿನ ಒಂಬತ್ತರ ಸುಮಾರಿಗೆ, ಕುರಿ ಮೇಯಲು ಬಿಡುವ ಮುನ್ನ, ಜೋಳದ ಚೀಲದ ಮೇಲೆ ಹಿತ್ತಾಳೆಯ ಕೊಡವಿಟ್ಟು ಅದಕ್ಕೆ ಫೋನನ್ನು ಆನಿಸಿದೆ. ನಡುವೆ ಕರೆ ಬಂದು ಹಾಡು ಕೆಡದಿರಲೆಂದು ವಿಮಾನದ ಗುರುತಿನ ಗುಂಡಿಯನ್ನು ಒತ್ತಿದೆ. ಹಾಡುಗಾರರ ಹೆಂಡತಿ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಬಂದು ಫೋನನ್ನು ಬಗ್ಗಿ ನೋಡಿದರು.

"ಮಾಸ್ತರ್ರ, ಇಷ್ಟೇ ಡಬ್ಬಿ ಒಳಗ ಇವ್ರ ದನಿ ಪೂರಾ ಹಿಡಿತದೇನ್ರಿ?"

"ಹಿಡಿತದ ವೈನಿ. ನಾ ಜವಾಬ್ದಾರಿ."

"ಇಕಿಗಿ ನನ್ನ ಜೀವದ ಚಿಂತಿ ಇಲ್ರಿ," ಎಂದು ಹಾಡುಗಾರರು ಒಡಕು ದನಿಯಲ್ಲಿ ನಕ್ಕರು. "ನಾ ಮೂಕ ಆದ್ರ ಬೈಸ್ಕೊಳ್ಳಾಕ ಯಾರ್ ಸಿಗ್ತಾರ ಅಂತ ಚಿಂತಿ."

"ಬೈಗಳ ನಿಂತ್ರ ನನ್ನ ಪುಣ್ಯ. ಸಂಜಿಕ ಕುರಿ ಯಾರ್ ಕರೀಬೇಕು ಹೇಳ್ರಿ? ನಾ ಕೂಗಿದ್ರ ಒಂದರ ತಿರುಗಿ ನೋಡ್ತದೇನು?"

ಆ ಮಾತನ್ನು ನಾನು ಗಂಡಹೆಂಡಿರ ಸರಸವೆಂದು ಕೇಳಿ ಬಿಟ್ಟೆ.

ಮೊದಲ ದಿನದ ಬೈಠಕ್ ಪೂರ್ತಿಯಾಗಿ ಸ್ತುತಿಗೆ ಮೀಸಲು. ಊರ ದೇವರು, ಗಡಿ ದೇವರು, ಹೊಳೆ, ಗುರು, ಗುರುವಿನ ಗುರು, ಎಲ್ಲರನ್ನೂ ಹೆಸರಿಟ್ಟು ಕರೆದು ಕುಳ್ಳಿರಿಸುವುದು. ಕಥೆ ಆರಂಭವಾಗುವುದು ಎರಡನೆಯ ದಿನ. ಗಡ್ಡೆಯಿದ್ದ ಗಂಟಲಿನಿಂದ ಹೊರಟ ಆ ದನಿ ಕೆಲವೆಡೆ ಹರಿದ ಕಂಬಳಿಯಂತಿತ್ತು. ಆದರೂ ಪದ ಒಂದೂ ತಪ್ಪಲಿಲ್ಲ.

ಮೂರನೆಯ ದಿನ ಬೀರಪ್ಪನನ್ನು ತಾಯಿ ಅಡವಿಯಲ್ಲಿ ಬಿಟ್ಟು ಹೋಗುವ ಭಾಗ. ನಡುವೆ ಫೋನು ತಾನಾಗಿ ನಿಂತಿತು. ಜಾಗ ತುಂಬಿದೆ, ಇನ್ನು ಉಳಿಸಿಕೊಳ್ಳಲಾಗದು ಎಂಬ ಸೂಚನೆ ಪರದೆಯ ಮೇಲಿತ್ತು. ಕೈಯೆತ್ತಿ ಅವರನ್ನು ತಡೆಯಬೇಕಾಯಿತು. ಬಿಟ್ಟ ಬಾಯಿಯನ್ನು ಅವರು ನಿಧಾನವಾಗಿ ಮುಚ್ಚಿದರು.

ಅಂದು ಸಂಜೆ ಬೀದರಿಗೆ ಮರಳಿದವನು ನೇರವಾಗಿ ಚೌಬಾರಾ ಗೋಪುರದ ಬಳಿ ಫೋನು ರಿಪೇರಿ ಮಾಡುವ ಅಂಗಡಿಗೆ ಹೋದೆ. ಅಂಗಡಿಯವರು ನನಗೆ ಬಹುಕಾಲದ ಪರಿಚಯ, ನಮಾಜು ತಪ್ಪಿಸದ ಮನುಷ್ಯ. ಫೋನಿನ ಹೊಟ್ಟೆಯನ್ನು ತೆರೆದು ಲೆಕ್ಕ ತೋರಿಸಿದರು.

"ಮಾಸ್ತರ್ ಸಾಬ್, ಬತ್ತೀಸ್ ಜಿಬಿ ಅಂತ ಹೆಸರಿಗಿ. ಅರ್ಧಾ ಜಾಗ ಫೋನೇ ತಿಂದದ. ಉಳಿದ ಅರ್ಧದಾಗ ನಿಮ್ಮ ಹಾಡು ಒಂದ್ ಕಡಿ, ಇದು ಒಂದ್ ಕಡಿ. ಇದೇನ್ರಿ ಇದು? ಆರು ಸಾವಿರ ಫೋಟೋ! ಎಲ್ಲಾ ದೇವ್ರೇ!"

ನಿಜ. ನಾನು ಸೇರಿರುವ ಭಕ್ತರ ಗುಂಪುಗಳಿಂದ ಪ್ರತಿದಿನ ಬೆಳಗಿನ ಜಾವ ದೇವರ, ಗುರುಗಳ ಚಿತ್ರಗಳು ಬರುತ್ತವೆ. ಅಭಿಷೇಕದ, ಮಂಗಳಾರತಿಯ ವಿಡಿಯೋಗಳು ಬರುತ್ತವೆ. ಒಂದನ್ನೂ ನಾನು ಅಳಿಸಿದವನಲ್ಲ. ಅಂಗಡಿಯವರು ಎಲ್ಲವನ್ನೂ ಒಮ್ಮೆಗೇ ಗುರುತು ಮಾಡಿದರು. ಕೆಳಗೆ ಕಸದ ಡಬ್ಬಿಯ ಚಿತ್ರವೊಂದು ಮೂಡಿತು. ನಾನು ಅವರ ಕೈ ಹಿಡಿದೆ.

ನಮ್ಮ ಮನೆಯಲ್ಲಿ ಹಳೆಯ ಕ್ಯಾಲೆಂಡರಿನ ದೇವರಾಗಲಿ, ಮದುವೆಯ ಪತ್ರಿಕೆಯ ಮೇಲಿನ ಗಣಪತಿಯಾಗಲಿ ಕಸಕ್ಕೆ ಬಿದ್ದುದಿಲ್ಲ. ವರ್ಷಕ್ಕೊಮ್ಮೆ ಗಂಟು ಕಟ್ಟಿ, ಮಾಂಜ್ರಾ ನದಿಯ ಹರಿಯುವ ನೀರಿಗೆ ಒಪ್ಪಿಸುತ್ತೇವೆ. ಅದನ್ನು ಅವರಿಗೆ ಹೇಳಿದೆ.

"ನಮ್ಮಲ್ಲೂ ಹಂಗೇ ಅದ ರೀ. ಕುರಾನಿನ ಆಯತ್ ಬರ್ದ ಕಾಗದ ಕಸಕ್ಕ ಹಾಕಲ್ಲ, ನೆಲದಾಗ ಹೂಳ್ತೇವಿ. ಖರೇ, ಇದು ಕಾಗದ ಅಲ್ಲಲ್ರಿ? ಬೆಳಕು. ಬರ್ತದ, ಹೋಗ್ತದ."

"ಬೆಳಕಿನ ಮುಂದ ಕಸದ ಡಬ್ಬಿ ಯಾಕ ಇಟ್ಟಾರ ಭಾಯಿ?"

"ಅದು ನನಗ ಕೇಳಬ್ಯಾಡ್ರಿ, ನಾ ಇಟ್ಟಿಲ್ಲ," ಎಂದು ನಕ್ಕು, ಬೇರೆ ದಾರಿ ಹಿಡಿದರು. ಬಳಸದ ಎರಡು ಆ್ಯಪ್‌ಗಳನ್ನು ತೆಗೆದರು, ಉಳಿದವುಗಳು ತಾವಾಗಿ ಕೂಡಿಟ್ಟುಕೊಂಡಿದ್ದ ಹೊಲಸನ್ನು ತೊಳೆದರು. ಎರಡು ಜಿಬಿ ಬಿಡುವಾಯಿತು. ಅರ್ಧ ಬೈಠಕ್ಕಿಗೂ ಸಾಲದು. ಕೊನೆಗೆ ಹೇಳಿದರು: "ಒಂದು ಮೆಮೊರಿ ಕಾರ್ಡ್ ಹಾಕ್ರಿ. ಒಳ್ಳೇದು ಈಗ ನನ್ನ ಹತ್ರ ಇಲ್ಲ, ನಾಳಿ ಮಧ್ಯಾಹ್ನ ತರಸ್ತೇನಿ. ಒಂದ್ ದಿನ ತಡೀರಿ."

ಫೋನಿನಿಂದ ಕಾರ್ಡಿಗೆ ಕಡತಗಳನ್ನು ಸಾಗಿಸುವ ಕ್ರಮವನ್ನು ಎರಡು ಸಲ ತೋರಿಸಿಕೊಟ್ಟರು. ಒಂದು ದಿನ ತಡೆಯುವ ತಾಳ್ಮೆ ಮಾತ್ರ ನನಗಿರಲಿಲ್ಲ. ಮರುದಿನ ಬೆಳಗ್ಗೆ ಔರಾದಿನ ಬಸ್ ನಿಲ್ದಾಣದಲ್ಲಿ ಇಳಿದಾಗ ಫೋನಿನ ಕವರು, ವೈರು ಮಾರುವ ಕೈಗಾಡಿಯೊಂದು ಕಂಡಿತು. ನೂರಿಪ್ಪತ್ತೆಂಟು ಜಿಬಿ ಎಂದು ಬರೆದಿದ್ದ ಕಾರ್ಡನ್ನು ಕೊಂಡು, ಅಲ್ಲಿಯೇ ಕಲ್ಲುಬೆಂಚಿನ ಮೇಲೆ ಕುಳಿತು ಫೋನಿಗೆ ಸೇರಿಸಿದೆ.

ಆಗ ನನ್ನ ಮುಂದೆ ಎರಡು ದಾರಿಗಳಿದ್ದವು. ದೇವರ ಚಿತ್ರಗಳನ್ನು ಕಾರ್ಡಿಗೆ ಸಾಗಿಸಿ ಹಾಡನ್ನು ಫೋನಿನಲ್ಲಿ ಉಳಿಸಬಹುದಿತ್ತು. ಅಥವಾ ಹಾಡನ್ನು ಕಾರ್ಡಿಗೆ ಸಾಗಿಸಿ ದೇವರನ್ನು ಇದ್ದಲ್ಲಿಯೇ ಇರಿಸಬಹುದಿತ್ತು. ಫೋನಿನ ಸ್ವಂತ ಒಡಲು ಗರ್ಭಗುಡಿ, ಕಾರ್ಡು ಹೊರಗಿನ ಚಾವಡಿ ಎಂದು ನನ್ನ ಬುದ್ಧಿ ಹೇಳಿತು. ಗರ್ಭಗುಡಿಯಿಂದ ದೇವರನ್ನು ಎಬ್ಬಿಸಿ ಚಾವಡಿಗೆ ಕಳಿಸುವುದುಂಟೆ? ಮೂರು ದಿನದ ಹಾಡನ್ನು ಗುರುತು ಮಾಡಿ ಕಾರ್ಡಿಗೆ ಸಾಗಿಸಿದೆ. ಮುಕ್ಕಾಲು ಗಂಟೆ ಹಿಡಿಯಿತು. ಕ್ಯಾಮೆರಾ ಇನ್ನು ಮುಂದೆ ಹಿಡಿಯುವುದೆಲ್ಲ ನೇರವಾಗಿ ಕಾರ್ಡಿಗೇ ಹೋಗುವಂತೆ ಮಾಡಿದೆ. ಮೊದಲ ದಿನದ ವಿಡಿಯೋವನ್ನು ಒತ್ತಿ ನೋಡಿದೆ. ಸ್ತುತಿ ಸ್ವಚ್ಛವಾಗಿ ಕೇಳಿತು. ಒಂದು ಅಗುಳು ಬೆಂದಿದ್ದರೆ ಇಡೀ ಪಾತ್ರೆಯ ಅನ್ನ ಬೆಂದಂತೆ ಎಂಬ ಸ್ಥಾಲೀಪುಲಾಕ ನ್ಯಾಯವನ್ನು ಎಷ್ಟೋ ವರ್ಷ ಪಾಠ ಹೇಳಿದವನು ನಾನು. ಉಳಿದ ಅಗುಳುಗಳನ್ನು ಮುಟ್ಟಲಿಲ್ಲ.

ನಿಂತಿದ್ದ ಮೂರನೆಯ ಬೈಠಕ್ಕಿನ ಉಳಿದ ಭಾಗವನ್ನು ನಾಲ್ಕನೆಯ ದಿನ ಮೊದಲು ಹಾಡಿ ಮುಗಿಸಿದರು. ಅಲ್ಲಿಂದ ಒಂಬತ್ತನೆಯ ದಿನದವರೆಗೆ ಕೆಲಸ ತಡೆಯಿಲ್ಲದೆ ನಡೆಯಿತು. ದನಿ ದಿನದಿಂದ ದಿನಕ್ಕೆ ಕುಗ್ಗುತ್ತಿತ್ತು. ಏಳನೆಯ ದಿನ ಪ್ರತಿ ಸೊಲ್ಲಿನ ಕೊನೆಯಲ್ಲಿ ಬಿಸಿನೀರು ಗುಟುಕರಿಸಬೇಕಾಯಿತು. ಒಂಬತ್ತನೆಯ ದಿನ ಮಂಗಳ ಹಾಡಿ ಮುಗಿಸಿದಾಗ ಬಾಯಿಗೆ ಒತ್ತಿಕೊಂಡ ಬಟ್ಟೆಯಲ್ಲಿ ಕೆಂಪು ಇತ್ತು. ನಾನು ಪುಸ್ತಕದಲ್ಲಿ ಹೆಸರುಗಳನ್ನೂ ಘಟನೆಗಳ ಅನುಕ್ರಮವನ್ನೂ ಗುರುತು ಹಾಕಿಕೊಂಡಿದ್ದೆ; ಎಂಟು ಪುಟ. ಪದಗಳನ್ನು ಬರೆದುಕೊಂಡಿರಲಿಲ್ಲ. ಪದಗಳು ಫೋನಿನಲ್ಲಿದ್ದವಲ್ಲ.

ಹತ್ತನೆಯ ದಿನ ಭಾಲ್ಕಿಗೆ ಹೋಗಿ ಕಾರ್ಡನ್ನು ಸಮಿತಿಯ ಗುಮಾಸ್ತರ ಕೈಗಿತ್ತೆ. ಅವರು ಕಂಪ್ಯೂಟರಿಗೆ ಹಾಕಿದರು. ಎಲ್ಲ ಕಡತಗಳ ಹೆಸರೂ ಕಂಡವು, ಗಾತ್ರವೂ ಸರಿಯಾಗಿತ್ತು. ಮೊದಲನೆಯದು ಹಾಡಿತು. ಎರಡನೆಯದು ಅರ್ಧಕ್ಕೆ ನಿಂತಿತು. ಮೂರನೆಯದನ್ನು ಒತ್ತಿದರೆ ಪರದೆ ಕಪ್ಪು. ನಾಲ್ಕು, ಐದು, ಆರು.

"ಮಾಸ್ತರ್ರ, ಇವು ಆಡವಲ್ಲವು," ಎಂದರು ಗುಮಾಸ್ತರು. ಒಂಬತ್ತನೆಯದನ್ನು ಒತ್ತಿದ ಮೇಲೆ ಏನನ್ನೂ ಹೇಳಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಮತ್ತೆ ಬೀದರಿನ ಅಂಗಡಿಯಲ್ಲಿದ್ದೆ. ಅಂಗಡಿಯವರು ಕಾರ್ಡನ್ನು ಪರೀಕ್ಷೆಗೆ ಹಾಕಿ, ಅದು ಮುಗಿಯುವವರೆಗೆ ನನಗೆ ಚಹಾ ತರಿಸಿದರು. ನಾನು ಕುಡಿಯಲಿಲ್ಲ.

"ನಕಲಿ ಅದರಿ. ಒಳಗ ಇರೋದು ಎಂಟೇ ಜಿಬಿ. ಮ್ಯಾಲ ನೂರಿಪ್ಪತ್ತೆಂಟು ಬರ್ದು, ಫೋನಿಗೂ ಹಂಗೇ ಸುಳ್ಳು ಹೇಳಂಗ ಮಾಡ್ಯಾರ. ಎಂಟು ತುಂಬಿದ ಮ್ಯಾಲ ಹಾಕಿದ್ದೆಲ್ಲ ತಳ ಇಲ್ಲದ ಕೊಡಕ್ಕ ಹಾಕಿದಂಗ. ಹೆಸರು ಉಳಿತದ, ನೀರು ಉಳಿಯಲ್ಲ."

"ಫೋನಿನಿಂದ ಅಳಿಸಿದ್ದು ಮೇಲೆತ್ತಾಕ ಬರಲ್ಲೇನು?"

ಅವರು ಫೋನನ್ನು ತೆರೆದು ನೋಡಿ ಇಲ್ಲವೆಂದು ತಲೆಯಾಡಿಸಿದರು. ಹಾಡು ತೆರವಾದ ಜಾಗದಲ್ಲಿ ಅಷ್ಟು ದಿನವೂ ಬೆಳಗ್ಗೆ ಹೊಸ ಚಿತ್ರಗಳು, ಹೊಸ ವಿಡಿಯೋಗಳು ತಾವಾಗಿ ಇಳಿದು ಕುಳಿತಿದ್ದವು. ಶ್ರಾವಣದ ದಿನಗಳಾದ್ದರಿಂದ ಎಂದಿಗಿಂತ ಹೆಚ್ಚು. ಫೋನು ಮತ್ತೆ ಹೆಚ್ಚುಕಡಿಮೆ ತುಂಬಿತ್ತು. "ಒಂದ್ ದಿನ ತಡೀರಿ ಅಂದಿದ್ದೆ" ಎಂದು ಅವರು ಹೇಳಬಹುದಿತ್ತು. ಹೇಳದೆ, ಕಾರ್ಡನ್ನು ಕಾಗದದಲ್ಲಿ ಸುತ್ತಿ ನನ್ನ ಅಂಗೈಯಲ್ಲಿಟ್ಟು ಬೆರಳುಗಳನ್ನು ಮಡಿಚಿದರು.

ಹನ್ನೊಂದನೆಯ ದಿನ ಎಕಂಬಾಕ್ಕೆ ಹೋದೆ. ಮರುದಿನ ಅವರು ಆಸ್ಪತ್ರೆಗೆ ಸೇರಬೇಕು. ಕಂಬಳಿಯ ಮೇಲೆ ಕುಳಿತು ಇದ್ದುದನ್ನು ಇದ್ದಂತೆ ಹೇಳಿದೆ. ಹೆಂಡತಿ ಗಂಟು ಕಟ್ಟುತ್ತಿದ್ದ ಬಟ್ಟೆಯನ್ನು ಕೆಳಗಿಟ್ಟರು.

"ಜವಾಬ್ದಾರಿ ಅಂದಿದ್ರಿ ಮಾಸ್ತರ್ರ."

ಹಾಡುಗಾರರು ಉಸಿರಿನಲ್ಲಿಯೇ ಎಂಬಂತೆ ಕೇಳಿದರು: "ಏನೂ ಉಳಿದಿಲ್ಲೇನ್ರಿ?"

"ಮೊದಲನೇ ದಿನದ ಸ್ತುತಿ ಪೂರಾ ಉಳಿದದ ಅಣ್ಣಾ. ಎರಡನೇ ದಿನದ್ದು ಅರ್ಧ."

"ಹಂಗಾರ ಕರದ ದೇವ್ರೆಲ್ಲ ಬಂದು ಕುಂತಾರ," ಎಂದರು. "ಕಥಿ ಹೇಳೋರಿಲ್ಲ."

ಸ್ವಲ್ಪ ಬಿಸಿನೀರು ಕುಡಿದು, ಕೈಯಿಂದ ಫೋನಿನತ್ತ ತೋರಿಸಿದರು. ಕೊನೆಯ ಬೈಠಕ್ಕಿನ ಮಂಗಳದ ಹಿಂದಿನ ಭಾಗ ಅವರೊಬ್ಬರ ಮನೆತನದಲ್ಲಿ ಮಾತ್ರ ಇದ್ದುದು, ಅದನ್ನಾದರೂ ಹಾಡುವೆನೆಂದರು. ಕೊಡವಿಟ್ಟು ಫೋನನ್ನು ಆನಿಸಿ ಗುಂಡಿಯೊತ್ತಿದೆ. ಜಾಗವಿಲ್ಲ ಎಂಬ ಅದೇ ಸೂಚನೆ. ಅಂಗಡಿಯವರು ಹೊಸ ಕಾರ್ಡನ್ನು ಕೊಡಲು ಬಂದಾಗ, ಇನ್ನು ಕಾರ್ಡನ್ನೇ ನಂಬೆನೆಂದು ನಾನೇ ಬೇಡವೆಂದಿದ್ದೆ.

ಅಳಿಸಬೇಕು. ಅಳಿಸಲು ನನ್ನ ಬಳಿ ಇದ್ದುದು ದೇವರು ಮಾತ್ರ. ಎಲ್ಲವನ್ನೂ ಗುರುತು ಮಾಡಿದೆ. ಕಸದ ಡಬ್ಬಿ ಮೂಡಿತು. ಬೆರಳು ಅದರ ಮೇಲೆ ನಿಂತಿತು, ಇಳಿಯಲಿಲ್ಲ. ಏನಾಯಿತೆಂದು ಹೆಂಡತಿ ಕೇಳಿದರು, ಹೇಳಿದೆ. ಹಾಡುಗಾರರು ದೊಡ್ಡಿಯ ಮೂಲೆಯತ್ತ ಕೈ ತೋರಿಸಿದರು. ಅಲ್ಲಿ ಅರಿಶಿನದ ಭಂಡಾರ ಬಳಿದ, ಮೊಳದುದ್ದದ ಕಪ್ಪು ಕಲ್ಲೊಂದಿತ್ತು.

"ಬೀರಪ್ಪ ಅಂವ. ಮಳಿ ಹತ್ತಿದಾಗ ಮರಿ ಕಟ್ಟಾಕ ಜಾಗ ಸಾಲಲಿಲ್ಲಂದ್ರ ಅವನ್ನೇ ಎತ್ತಿ ಹೊರಗ ಇಡ್ತೇವಿ ಮಾಸ್ತರ್ರ. ನಮ್ಮಪ್ಪನೂ ಇಟ್ಟಾನ, ನಾನೂ ಇಟ್ಟೀನಿ. ತೋಯಿಸ್ಕೊಂಡು ಕುಂದರ್ತಾನ. ಮರಿ ಸತ್ರ ಅಂವಗ ಚಂದ ಕಾಣ್ತದೇನ್ರಿ?"

ಇಷ್ಟು ಮಾತಿಗೇ ಅವರಿಗೆ ಕೆಮ್ಮು ಹತ್ತಿತು. ಎಷ್ಟೋ ಶಾಸ್ತ್ರಗಳನ್ನು ಓದಿದ ನನಗೆ ಈ ವಿಧಿ ಗೊತ್ತಿರಲಿಲ್ಲ. ತಂಬಿಗೆಯ ನೀರಿನಿಂದ ಕೈಕಾಲು ತೊಳೆದು, ಪೂರ್ವಕ್ಕೆ ಮುಖ ಮಾಡಿ, ಪೂಜೆಯ ಕೊನೆಯಲ್ಲಿ ದೇವರನ್ನು ಬೀಳ್ಕೊಡುವ ಮಂತ್ರವನ್ನು ಹೇಳಿ ಗುಂಡಿಯೊತ್ತಿದೆ. ಆರು ಸಾವಿರಕ್ಕೂ ಮಿಕ್ಕ ಮುಖಗಳು ಒಮ್ಮೆಗೇ ಇಲ್ಲವಾದವು.

ಕ್ಯಾಮೆರಾ ತೆರೆದೆ. ಜಾಗವಿಲ್ಲ.

"ಹೋದ ದೇವ್ರು ಎಲ್ಲಿ ಕುಂತಾರ್ರೀ ಹಂಗಾರ?" ಎಂದರು ಹೆಂಡತಿ. ಅದರಲ್ಲಿ ನಗೆ ಇರಲಿಲ್ಲ.

ಅಂಗಡಿಯವರಿಗೆ ಕರೆ ಮಾಡಿದೆ. "ಅಳಿಸಿದ್ದು ಕೂಡಲೇ ಹೋಗಲ್ಲ ಮಾಸ್ತರ್ ಸಾಬ್. ಡಬ್ಬಿದಾಗ ತೀಸ್ ದಿನ, ಒಂದ್ ತಿಂಗಳು ಇರ್ತದ, ಜಾಗ ಅಲ್ಲೇ ಹಿಡ್ಕೊಂಡು. ಡಬ್ಬಿ ಒಳಗ ಹೋಗ್ರಿ, ಮತ್ತೊಮ್ಮಿ ಎಲ್ಲಾ ಖಾಲಿ ಮಾಡ್ರಿ." ಡಬ್ಬಿಯನ್ನು ಹುಡುಕಿದೆ. ಒಳಗೆ ಎಲ್ಲ ಮುಖಗಳೂ ಸಾಲಾಗಿ ಕಾದು ಕುಳಿತಿದ್ದವು. ಒಮ್ಮೆ ಬೀಳ್ಕೊಟ್ಟವರನ್ನು ಎರಡನೆಯ ಸಲ, ಮಂತ್ರವಿಲ್ಲದೆ, ಬರಿಯ ಬೆರಳಿನಿಂದ ಕಳಿಸಿದೆ. ಹನ್ನೆರಡು ಜಿಬಿಗೂ ಹೆಚ್ಚು ಜಾಗ ತೆರೆಯಿತು. ಇದಕ್ಕೆಲ್ಲ ಅರ್ಧ ಗಂಟೆ ಕಳೆದಿತ್ತು. ಆ ಅರ್ಧ ಗಂಟೆಯಲ್ಲಿ ಅವರು ಮರೆಯದಿರಲೆಂದು ಪದಗಳನ್ನು ತಮ್ಮಷ್ಟಕ್ಕೆ ಗುನುಗಿಕೊಳ್ಳುತ್ತಲೇ ಇದ್ದರು.

ಫೋನು ಹಿಡಿಯತೊಡಗಿತು. ಅವರು ಕಿವಿಗೆ ಕೈಯಿಟ್ಟು ಎತ್ತಿದರು. ಮೊದಲ ಸೊಲ್ಲು ಬಂತು. ಎರಡನೆಯದು ನಡುವೆ ಒಡೆದು ಗಾಳಿಯಾಯಿತು. ಮತ್ತೊಮ್ಮೆ ಎತ್ತಿದರು, ತುಟಿಗಳು ಪದವನ್ನು ಆಡಿದವು, ದನಿ ಹೊರಡಲಿಲ್ಲ. ಮೂರನೆಯ ಸಲ ಎತ್ತಲು ಹೊರಟಾಗ ಹೆಂಡತಿ ಅವರ ಮೊಣಕಾಲಿನ ಮೇಲೆ ಕೈಯಿಟ್ಟರು.

"ಹಾಡು ಬಿಡ್ರಿ. ಕುರಿ ಕರೀರಿ."

ಅವರು ಹೆಂಡತಿಯನ್ನು ನೋಡಿದರು.

"ನಾಳಿಂದ ನನಗ ಅದು ಬೇಕಾಗ್ತದ. ಹಾಡು ಮಾಸ್ತರ್‌ಗ ಬೇಕಿತ್ತು."

ಅವರು ಎದ್ದು ನಿಂತು, ನಾಲಗೆಯನ್ನು ಅಂಗುಳಕ್ಕೆ ಬಡಿದು ಎರಡು ಸದ್ದು ಮಾಡಿ, ಎದೆಯ ತಳದಿಂದ ಉದ್ದನೆಯ ಒಂದು ಕೂಗು ಹಾಕಿದರು. ಆ ದನಿ ಎಲ್ಲಿ ಅಡಗಿತ್ತೋ ತಿಳಿಯದು. ದೊಡ್ಡಿಯಲ್ಲಿದ್ದ ಅಷ್ಟೂ ಕುರಿಗಳು ತಲೆಯೆತ್ತಿದವು. ಹನ್ನೊಂದು ಸೆಕೆಂಡು. ನಾನು ತೆರವು ಮಾಡಿದ ಜಾಗದಲ್ಲಿ ಒಂದು ಮೂಲೆಯೂ ತುಂಬಲಿಲ್ಲ.

ಮರುದಿನ ಅವರು ಆಸ್ಪತ್ರೆಗೆ ಸೇರಿದರು. ಶಸ್ತ್ರಚಿಕಿತ್ಸೆ ಕೆಡಲಿಲ್ಲ. ಸಮಿತಿಯು ನನ್ನ ಎಂಟು ಪುಟಗಳನ್ನು ಕಥಾಸಾರವೆಂದು ಇಟ್ಟುಕೊಂಡಿತು. ಸಾರವನ್ನು ಯಾರೂ ಹಾಡಲಾರರು. ಚೌಬಾರಾದ ಅಂಗಡಿಯವರು ಸಣ್ಣ ಕಾರ್ಡೊಂದನ್ನು ಮೊದಲಿನಿಂದ ಕೊನೆಯವರೆಗೆ ತುಂಬಿಸಿ, ಓದಿಸಿ, ಪರೀಕ್ಷಿಸಿ, ಆ ಕೂಗನ್ನು ಅದರಲ್ಲಿಟ್ಟು ಹೆಂಡತಿಯ ಗುಂಡಿ ಒತ್ತುವ ಫೋನಿಗೆ ಹಾಕಿಕೊಟ್ಟರು.

ಎರಡು ತಿಂಗಳ ಮೇಲೆ ಎಕಂಬಾಕ್ಕೆ ಹೋದೆ. ಸಂಜೆಯಾಗುತ್ತಿತ್ತು. ಕುರಿಗಳು ಬಯಲಿನ ತುಂಬ ಚದುರಿದ್ದವು. ಹಾಡುಗಾರರು ಗಂಟಲಿನ ತೂತಿನ ಮೇಲೆ ತೆಳುವಾದ ಬಟ್ಟೆ ಕಟ್ಟಿಕೊಂಡು, ಕೋಲೂರಿ ನಿಂತಿದ್ದರು. ನನ್ನನ್ನು ಕಂಡು ಕೈಮುಗಿದರು. ನಾಲ್ಕು ಮಾರು ಆಚೆ ಹೆಂಡತಿ ಫೋನನ್ನು ತಲೆಯ ಮೇಲೆ ಎತ್ತಿ ಹಿಡಿದು ಗುಂಡಿಯೊತ್ತಿದರು. ಕೂಗು ಹೊರಟಿತು. ಕುರಿಗಳೆಲ್ಲ ತಲೆಯೆತ್ತಿ, ಧೂಳೆಬ್ಬಿಸಿಕೊಂಡು ಓಡಿ ಬಂದವು. ನಿಂತಿದ್ದ ಯಜಮಾನನ ಎರಡೂ ಪಕ್ಕದಿಂದ ಹಾದು ಹೋಗಿ ಫೋನಿನ ಸುತ್ತ ಮುತ್ತಿದವು. ಅವರು ಹಾಗೆಯೇ ನಿಂತಿದ್ದರು. ಕೊನೆಯ ಮರಿ ದಾಟಿ ಹೋಗುವಾಗ ಬಗ್ಗಿ ಅದರ ಬೆನ್ನಿನ ಮೇಲೆ ಕೈಯಾಡಿಸಿದರು.

ಈಗ ನನ್ನ ಫೋನಿನಲ್ಲಿ ಬೆಳಗಿನ ಚಿತ್ರಗಳು ತಾವಾಗಿ ಇಳಿಯುವುದಿಲ್ಲ. ಬಂದುದನ್ನು ನೋಡಿ, ಕೈಮುಗಿದು, ಅಂದೇ ಬೀಳ್ಕೊಡುತ್ತೇನೆ. ಜಾಗ ಬೇಕಾದಷ್ಟಿದೆ. ಅದನ್ನು ತುಂಬಬೇಕಾದುದು ಇಲ್ಲ.

ತಪ್ಪನ್ನು ಎತ್ತಿ ಆಡದೆ ದಾರಿ ತೋರಿಸಿದ ಅಂಗಡಿಯವರ ಕೈಗಳಲ್ಲಿ ಬರಕತ್ತು ಇರಲಿ. ಭಾಲ್ಕಿಯ ಗುಮಾಸ್ತರ ಮೌನಕ್ಕೆ ಒಳಿತಾಗಲಿ. ಔರಾದಿನ ಕೈಗಾಡಿಯವನೂ ಆ ಸುಳ್ಳನ್ನು ತಿಳಿಯದೆಯೇ ಮಾರಿದ್ದಿರಬಹುದು. ಅವನ ಮನೆಯೂ ತಣ್ಣಗಿರಲಿ. ಬೇಕಾದುದನ್ನು ಬೇಕಾದ ಹೊತ್ತಿನಲ್ಲಿ ಕೇಳಿದ ಆ ತಾಯಿಗೆ ಆಯುಷ್ಯ ಹೆಚ್ಚಲಿ. ತೋಯಿಸಿಕೊಂಡು ಹೊರಗೆ ಕುಳಿತು ಮರಿಗಳಿಗೆ ಜಾಗ ಬಿಡುವ ಬೀರಪ್ಪನು ಆ ದೊಡ್ಡಿಯ ಒಂದು ಮರಿಯನ್ನೂ ಕಳೆಯದಿರಲಿ. ದನಿಯನ್ನು ಕೊಟ್ಟು ಬರಿಗೈಯಲ್ಲಿ ನಿಂತ ಆ ಹಿರಿಯರನ್ನು, ಒಂದು ದಿನವಾದರೂ, ಕೂಗಿಲ್ಲದೆಯೇ ಕುರಿಗಳು ಗುರುತಿಸಲಿ.